ಓದುಗರೊಡನೆ: ಅರ್ಧಕ್ಕೆ ನಿಂತ ಕಾದಂಬರಿಗಳು

ಮೊದಲ ಕಾದಂಬರಿಯನ್ನು ಬರೆಯುತ್ತಿರುವವರು ತಮ್ಮ ಅನುಮಾನಗಳನ್ನು ಬರೆದು ಕಳುಹಿಸಬೇಕೆಂದೂ, ಸಾಧ್ಯವಾದರೆ ಹಸ್ತಪ್ರತಿಯ ಒಂದು ಪುಟವನ್ನು ಜೊತೆಗಿಡಬೇಕೆಂದೂ ಕಳೆದ ಸಂಚಿಕೆಯಲ್ಲಿ ಕೋರಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಮೂರು ನಾಲ್ಕು ಪುಟ ಉದ್ದವಾಗಿವೆ. ಹಸ್ತಪ್ರತಿಯ ಪುಟವನ್ನು ಇಟ್ಟವರು ಮಾತ್ರ ಬೆರಳೆಣಿಕೆಯಷ್ಟು. ತಮ್ಮ ಬಗ್ಗೆ ಬರೆದುಕೊಳ್ಳುವುದಕ್ಕಿಂತ ತಾವು ಬರೆದದ್ದನ್ನು ಇನ್ನೊಬ್ಬರ ಮುಂದೆ ಇಡುವುದು ಕಷ್ಟ ಎಂಬುದು ನನಗೂ ಗೊತ್ತು. ಆದರೂ ಪುಟ ಇಟ್ಟವರಿಗೆ ಸಹಜವಾಗಿಯೇ ಹೆಚ್ಚು ಉದ್ದದ ಉತ್ತರ ಸಿಕ್ಕಿದೆ. ಹಲವರು ಹೆಸರು ಬೇಡವೆಂದಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೀಗ 47 ವರ್ಷ. ಶಿರಸಿಯ ಹತ್ತಿರ ಅಡಿಕೆ ತೋಟದ ಮನೆ ನಮ್ಮದು. ಮೂರು ವರ್ಷಗಳಿಂದ, ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಅಡ್ಡಾದ ಮೇಲೆ, ಒಂದು ಕೂಡುಕುಟುಂಬ ಹಿಸೆಯಾದ ಕಥೆಯನ್ನು ಬರೆಯುತ್ತಿದ್ದೇನೆ. ಹಿಸೆ ಮುಗಿದ ಮೇಲೆ ಮೂರು ವರ್ಷ ಬಿಟ್ಟು ಕಥೆ ಕಿರಿಯ ಮಗನ ಸಂಸಾರದೊಂದಿಗೆ ಬೆಂಗಳೂರಿಗೆ ಹೋಗುತ್ತದೆ. 140 ಪುಟ ಆಗಿದೆ. ಹೋದ ದೀಪಾವಳಿಯಿಂದ ಒಂದು ಸಾಲೂ ಮುಂದೆ ಹೋಗಿಲ್ಲ. ಪಿಯುಸಿಗೆ ಓದು ನಿಲ್ಲಿಸಿದ ನಾನು ಈ ವಯಸ್ಸಿನಲ್ಲಿ ಇಂಥ ಸಾಹಸಕ್ಕೆ ಕೈಹಾಕಿದ್ದೇ ತಪ್ಪೇನೋ ಅನ್ನಿಸುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೋಟುಬುಕ್ಕು ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ. 61ನೆಯ ಪುಟವನ್ನು ನಕಲು ಮಾಡಿ ಇಟ್ಟಿದ್ದೇನೆ. ನನಗೆ ಬರೆಯುವ ಶಕ್ತಿ ಇದೆಯೇ, ಇಲ್ಲವೇ, ದಯವಿಟ್ಟು ನೇರವಾಗಿ ಹೇಳಿ. (ಶಿರಸಿ)

ಉತ್ತರ: ವಯಸ್ಸಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಚರ್ಚಿಸಬೇಕಾದದ್ದು ಹೆಚ್ಚೇನಿಲ್ಲ. 1963ರಲ್ಲಿ ತ್ರಿವೇಣಿಯವರು ತೀರಿಕೊಂಡಾಗ ಅವರಿಗೆ 34 ವರ್ಷ. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದಾಗಿತ್ತು. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂತು, ಆಗ ಅವರಿಗೆ 46. ಅವರನ್ನು ಇಂದಿಗೂ ನೆನೆಯುವಂತೆ ಮಾಡಿದ ‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ, ಅವರು ಅರವತ್ತರ ಹೊಸ್ತಿಲಲ್ಲಿದ್ದಾಗ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೂ ನಲವತ್ತು ದಾಟಿತ್ತು. ಇದನ್ನು ನಿಮ್ಮನ್ನು ಉಬ್ಬಿಸುವುದಕ್ಕೆ ಹೇಳುತ್ತಿಲ್ಲ. ತಡವಾಗಿ ಆರಂಭಿಸಿಯೂ ಏನೂ ಆಗದೆ ಹೋದವರ ಹೆಸರುಗಳು ಯಾರಿಗೂ ನೆನಪಿರುವುದಿಲ್ಲವಾದ್ದರಿಂದ ಈ ಪಟ್ಟಿ ಯಾವಾಗಲೂ ಒಂದು ಕಡೆಗೆ ವಾಲಿರುತ್ತದೆ. ಆದರೆ ವಯಸ್ಸು ಅಡ್ಡಿಯಲ್ಲ ಎಂಬಷ್ಟು ಇದರಿಂದ ಖಚಿತವಾಗುತ್ತದೆ.

ಶಕ್ತಿ ಇದೆಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಒಂದು ಪುಟ ನೋಡಿ ಅದನ್ನು ಹೇಳುವವರನ್ನು ನೀವು ನಂಬಬೇಡಿ. ಆ ಪುಟದ ಬಗ್ಗೆ ಮಾತ್ರ ಹೇಳಬಲ್ಲೆ, ಅದನ್ನು ಹೇಳುತ್ತೇನೆ. ಪುಟದ ಮೊದಲ ಸಾಲುಗಳು ಹೀಗಿವೆ: ‘ಹಿಸೆಯ ದಿನ ಭಾಗೀರಥಿಗೆ ಹೇಳತೀರದ ದುಃಖವಾಯಿತು. ಒಂದೇ ಒಲೆಯಲ್ಲಿ ಬೆಂದ ಅನ್ನವನ್ನು ಉಂಡವರು ಹೀಗೆ ಬೇರೆಯಾಗಬೇಕಾಯಿತಲ್ಲ, ಬದುಕು ಎಂದರೆ ಇಷ್ಟೇ ಏನು ಎಂದು ಅವಳಿಗೆ ಅನ್ನಿಸಿತು.’ ಇವು ಕೆಟ್ಟ ವಾಕ್ಯಗಳಲ್ಲ, ಆದರೆ ಯಾರ ಕಾದಂಬರಿಯಲ್ಲಿ ಬೇಕಾದರೂ ಇರಬಹುದಾದ ವಾಕ್ಯಗಳು. ಇವನ್ನು ಓದುವಾಗ ನನ್ನ ಕಣ್ಣ ಮುಂದೆ ಏನೂ ಕಾಣಲಿಲ್ಲ.

ಅದರ ಕೆಳಗೆ, ಪುಟದ ನಡುವೆ, ಬಹುಶಃ ಹೆಚ್ಚು ಯೋಚಿಸದೆ, ನೀವು ಬರೆದಿರುವುದು ಇದು: ‘ಹೆಸರು ಹೊಡೆಸಿದ ಪಾತ್ರೆಗಳನ್ನು ಹೆಸರು ನೋಡಿ ಕೊಟ್ಟರು. ಹೆಸರಿಲ್ಲದವನ್ನೆಲ್ಲ ತಕ್ಕಡಿಗೆ ಹಾಕಿದರು. ಕಿರಿಯವನ ಪಾಲಿಗೆ ತೂಕ ಸ್ವಲ್ಪ ಕಡಿಮೆ ಬಿತ್ತು. ಅವನು ಎದ್ದು ಹೋಗಿ ಒಳಗಿನ ಕೋಣೆಯಿಂದ ಅಮ್ಮನ ನೀರಿನ ಚೊಂಬನ್ನು ತಂದು ತಕ್ಕಡಿಯಲ್ಲಿಟ್ಟ. ಸರಿಹೋಯಿತು.’ ಈ ಐದು ವಾಕ್ಯಗಳನ್ನು ನಾನು ಮೂರು ಸಲ ಓದಿದೆ. ಇಲ್ಲಿ ದುಃಖ ಎಂಬ ಮಾತಿಲ್ಲ, ಬದುಕು ಎಂಬ ಮಾತೂ ಇಲ್ಲ. ಹಿತ್ತಾಳೆ ತಾಮ್ರಗಳ ಲೆಕ್ಕ ಮಾತ್ರ ಇದೆ. ಮದುವೆಗೆ ಬಂದ ಉಡುಗೊರೆ ಪಾತ್ರೆಗಳ ಅಂಚಿನಲ್ಲಿ ಹೆಸರು ಹೊಡೆಸುವ ಪದ್ಧತಿಯನ್ನು ಬಲ್ಲವರಿಗೆ, ಹೆಸರಿಲ್ಲದ ಪಾತ್ರೆಯೆಂದರೆ ದಿನವೂ ಬಳಸುವ, ಯಾರದೂ ಅಲ್ಲದ, ಹಾಗಾಗಿ ಎಲ್ಲರದೂ ಆದ ಪಾತ್ರೆ ಎಂಬುದು ಹೇಳದೆಯೇ ತಿಳಿಯುತ್ತದೆ. ಆ ‘ಸರಿಹೋಯಿತು’ ಎಂಬ ಒಂದು ಪದವನ್ನು ನೀವು ಯಾರಿಂದಲೂ ಕಲಿತದ್ದಲ್ಲ. ಮೇಲಿನ ಎರಡು ಸಾಲುಗಳನ್ನು ಹೊಡೆದುಹಾಕಿ, ಅಧ್ಯಾಯವನ್ನು ತಕ್ಕಡಿಯಿಂದಲೇ ಆರಂಭಿಸಿ ನೋಡಿ.

ಈಗ ನಿಮ್ಮ ಬರವಣಿಗೆ ನಿಂತುಹೋದ ಸಂಗತಿ. ನಿಮ್ಮ ಪತ್ರದಲ್ಲಿರುವ ಕಥಾಸಾರದ ಪ್ರಕಾರ, ಹಿಸೆಯ ಮರುಪುಟದಲ್ಲೇ ಮೂರು ವರ್ಷ ಕಳೆದು ಕಥೆ ಬೆಂಗಳೂರಿನ ಬಾಡಿಗೆ ಮನೆಗೆ ಹೋಗಿಬಿಡುತ್ತದೆ. ನನ್ನ ಅನುಮಾನವೇನೆಂದರೆ, ನೀವು ನಿಂತದ್ದು 140ನೆಯ ಪುಟದಲ್ಲಿ ಅಲ್ಲ, 62ನೆಯ ಪುಟದಲ್ಲಿ. ಕೈ ಮಾತ್ರ ಇನ್ನೂ ಎಂಬತ್ತು ಪುಟ ಓಡಿದೆ. ಆ ರಾತ್ರಿ ಅತ್ತೆ ಯಾವುದರಲ್ಲಿ ನೀರು ಕುಡಿದರು? ಚೊಂಬು ಹೋದದ್ದನ್ನು ಅವರು ಯಾವಾಗ ನೋಡಿದರು, ನೋಡಿ ಕೇಳಿದರೇ, ಕೇಳದೆ ಸ್ಟೀಲ್ ಲೋಟವೊಂದನ್ನು ತಾವೇ ಎತ್ತಿಕೊಂಡು ಹೋದರೇ? ಭಾಗೀರಥಿ ಅದನ್ನು ಕಂಡಳೇ? ಕಿರಿಯವನು ಆ ಚೊಂಬನ್ನು ಬೆಂಗಳೂರಿಗೆ ಒಯ್ದನೇ, ಅಥವಾ ಅದು ಅಟ್ಟದ ಮೇಲಿನ ಚೀಲದಲ್ಲಿ ಹಾಗೆಯೇ ಉಳಿಯಿತೇ? ಓದುಗನಾದ ನಾನು ಆ ಮುದುಕಿಯ ಜೊತೆ ಆ ಕೋಣೆಯಲ್ಲಿ ಕುಳಿತಿರುವಾಗ ನೀವು ನನ್ನನ್ನು ರಾತ್ರಿ ಬಸ್ಸು ಹತ್ತಿಸಿ ಬೆಂಗಳೂರಿಗೆ ಕಳುಹಿಸಿದ್ದೀರಿ. ಮೂರು ವರ್ಷಗಳನ್ನು ದಾಟುವ ಮೊದಲು ಆ ಒಂದು ರಾತ್ರಿಯನ್ನು ಬರೆಯಿರಿ. ಎರಡು ಪುಟವಾಗಬಹುದು, ಇಪ್ಪತ್ತೂ ಆಗಬಹುದು. ಆಮೇಲೆ ಬೆಂಗಳೂರಿನ ಎಂಬತ್ತು ಪುಟಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದು ನಿಮಗೇ ಗೊತ್ತಾಗುತ್ತದೆ; ಉಳಿಯದೆ ಹೋದವುಗಳಿಗಾಗಿ ಮರುಗಬೇಡಿ, ಹಾಗೆ ಬರೆದು ಬಿಟ್ಟ ಪುಟಗಳಿಲ್ಲದ ಕಾದಂಬರಿಕಾರರನ್ನು ನಾನು ಕಂಡಿಲ್ಲ.

ಇನ್ನು, ಇದು ಕಾದಂಬರಿಯೋ ಉದ್ದ ಕಥೆಯೋ ಎಂಬ ಅನುಮಾನವನ್ನೂ ನೀವು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಕೈಬರಹದ ನೋಟುಬುಕ್ಕಿನ ಪುಟ ಮುದ್ರಣದಲ್ಲಿ ಎಷ್ಟಾಗುತ್ತದೆ ಎಂಬುದು ಅಕ್ಷರದ ಗಾತ್ರವನ್ನು ಅವಲಂಬಿಸಿದ್ದು. ಅದನ್ನು ಡಿಟಿಪಿ ಮಾಡುವವರು ಲೆಕ್ಕ ಹಾಕುತ್ತಾರೆ, ನಿಮಗೇಕೆ ಆ ಚಿಂತೆ. ನೋಟುಬುಕ್ಕು ಡ್ರಾಯರಿನಲ್ಲೇ ಇರಲಿ, ಮನೆಯವರಿಗೆ ಈಗಲೇ ಹೇಳಬೇಕೆಂದೇನೂ ಇಲ್ಲ. ಆದರೆ ಇರುವುದು ಒಂದೇ ಪ್ರತಿಯಾದ್ದರಿಂದ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಗೆದ್ದಲಿಗೂ ಬೂಸ್ಟಿಗೂ ಸಾಹಿತ್ಯದ ಮೇಲೆ ವಿಶೇಷ ಪ್ರೀತಿ.

ಪ್ರಶ್ನೆ: ಒಳ್ಳೆಯ ಕಾದಂಬರಿಗಳನ್ನು ಓದಿದ ದಿನ ನನ್ನದು ಕಸ ಅನ್ನಿಸಿ ವಾರಗಟ್ಟಲೆ ಬರೆಯಲಾಗುವುದಿಲ್ಲ. ಬರೆದು ಮುಗಿಯುವವರೆಗೆ ಓದುವುದನ್ನು ನಿಲ್ಲಿಸಲೇ? (ತುಮಕೂರು)

ಉತ್ತರ: ಬೇಡ. ಅಡುಗೆಯವನು ತನ್ನ ಸಾರು ಸಪ್ಪೆಯೆನ್ನಿಸುತ್ತದೆ ಎಂದು ಊಟ ಬಿಡುವುದಿಲ್ಲ. ನೀವು ಹೋಲಿಸುತ್ತಿರುವುದು ಹಲವು ಸಲ ತಿದ್ದಿ, ಸಂಪಾದಕರ ಕೈ ದಾಟಿ, ಕರಡು ನೋಡಿ ಮುದ್ರಿಸಿದ ಪುಸ್ತಕವನ್ನು ನಿಮ್ಮ ನಿನ್ನೆಯ ಪುಟದೊಂದಿಗೆ. ಬೇಕಿದ್ದರೆ ಬರೆಯುವ ದಿನಗಳಲ್ಲಿ ನಿಮ್ಮ ವಸ್ತುವಿಗೆ ತೀರ ಹತ್ತಿರದ ಪುಸ್ತಕಗಳನ್ನು ದೂರವಿಡಿ, ಅಷ್ಟು ಸಾಕು.

ಪ್ರಶ್ನೆ: ಕಲಬುರಗಿ ಜಿಲ್ಲೆಯವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತೊಗರಿ ಬೆಳೆಯುವ ಒಂದು ಊರಿನ ಕಥೆಯನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತಿದ್ದೇನೆ. ಇಲ್ಲಿಯ ಗೆಳೆಯರು ‘ಇದು ಮೈಸೂರಿನವರಿಗೆ ಅರ್ಥವಾಗುವುದಿಲ್ಲ, ಮಾತುಕತೆಯನ್ನಾದರೂ ಶಿಷ್ಟ ಕನ್ನಡಕ್ಕೆ ತನ್ನಿ’ ಎನ್ನುತ್ತಾರೆ. ಎರಡು ಪುಟ ಇಟ್ಟಿದ್ದೇನೆ. (ಬೆಂಗಳೂರು)

ಉತ್ತರ: ಅರ್ಥವಾಗುವುದಿಲ್ಲ ಎಂಬ ಮಾತನ್ನು ಒಪ್ಪುವುದು ಕಷ್ಟ. ಬೇಂದ್ರೆಯವರ ಧಾರವಾಡದ ಕನ್ನಡವನ್ನು ಹಳೆಯ ಮೈಸೂರಿನ ಮಕ್ಕಳು ಹಾಡಿಕೊಂಡೇ ಬೆಳೆದಿದ್ದಾರೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ನಂಜನಗೂಡು ಸೀಮೆಯ ಆ ಮಾತು ಅಲ್ಲಿಯ ಸುತ್ತಮುತ್ತಲಿನ ಎಷ್ಟೋ ಓದುಗರಿಗೇ ಮೊದಲ ಓದಿಗೆ ದಕ್ಕಲಿಲ್ಲ. ಎರಡನೆಯ ಓದಿಗೆ, ಅದರಲ್ಲೂ ಗಟ್ಟಿಯಾಗಿ ಓದಿದರೆ, ದಕ್ಕಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಹಾಗೆಂದು ಪ್ರತಿಯೊಂದು ಆಡುನುಡಿಯ ಕಾದಂಬರಿಯೂ ಗೆಲ್ಲುತ್ತದೆಂದಲ್ಲ. ಓದುಗ ಕಷ್ಟಪಡಲು ಸಿದ್ಧನಿರುತ್ತಾನೆ, ಆದರೆ ಕಷ್ಟಪಟ್ಟದ್ದಕ್ಕೆ ಏನಾದರೂ ಸಿಗಬೇಕು.

ನಿಮ್ಮ ಪುಟಗಳಲ್ಲಿರುವ ತೊಡಕು ಗೆಳೆಯರು ಹೇಳಿದ್ದಲ್ಲ, ಬೇರೆ. ಒಂದೇ ಮನೆಯ ಮೂವರು ಮಾತನಾಡುತ್ತಾರೆ. ಅಜ್ಜಿ ‘ಮಾಡ್ಲಾಕತ್ತಾಳ’ ಎನ್ನುತ್ತಾಳೆ. ಮಗ ‘ಮಾಡಾಕತ್ತಾಳ’ ಎನ್ನುತ್ತಾನೆ. ಸೊಸೆ ಒಮ್ಮೆ ‘ಮಾಡ್ಲಿಕ್ಕತ್ತಾಳ’ ಎಂದವಳು ಮರುಸಾಲಿನಲ್ಲೇ ‘ಮಾಡ್ತಾ ಇದ್ದಾಳೆ’ ಎನ್ನುತ್ತಾಳೆ. ಸೊಸೆಯ ತವರು ಹುಬ್ಬಳ್ಳಿಯೋ ಬೆಂಗಳೂರೋ ಆಗಿದ್ದು, ಆ ವ್ಯತ್ಯಾಸವನ್ನು ನೀವು ಬೇಕೆಂದೇ ತಂದಿದ್ದರೆ ಅದು ಬಹಳ ಒಳ್ಳೆಯದು. ಆದರೆ ಪತ್ರದಲ್ಲಿ ಆಕೆಯೂ ಪಕ್ಕದ ಊರಿನವಳೇ ಎಂದಿದ್ದೀರಿ. ಅಂದರೆ ಅಜ್ಜಿಯ ಮಾತನ್ನು ನೀವು ನೆನಪಿನಿಂದ ಬರೆದಿದ್ದೀರಿ, ಉಳಿದವರ ಮಾತನ್ನು ಸಿನಿಮಾ, ಧಾರಾವಾಹಿಗಳಲ್ಲಿ ಕೇಳಿದ ‘ಉತ್ತರ ಕರ್ನಾಟಕ’ದಿಂದ ತಂದಿದ್ದೀರಿ. ಮೈಸೂರಿನವರಿಗೆ ಇದು ತಿಳಿಯಲಿಕ್ಕಿಲ್ಲ. ಸೇಡಂನವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ರಜೆಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತು ಕೇಳಿ, ಮನೆಗೆ ಬಂದು ಬರೆದುಕೊಳ್ಳಿ. ದಖನಿ ಉರ್ದುವಿನ ಶಬ್ದಗಳು ಯಾವ ಮಾತಿನಲ್ಲಿ ಬರುತ್ತವೆ, ಯಾವುದರಲ್ಲಿ ಬರುವುದಿಲ್ಲ, ತೆಲುಗು ಎಲ್ಲಿ ಇಣುಕುತ್ತದೆ ಎಂಬುದನ್ನು ಗಮನಿಸಿ. ನಿರೂಪಣೆ ಯಾವ ಕನ್ನಡದಲ್ಲಿರಬೇಕು ಎಂಬುದು ಇದಕ್ಕಿಂತ ದೊಡ್ಡ ತೀರ್ಮಾನ. ನಿಮ್ಮ ಎರಡು ಪುಟಗಳಲ್ಲಿ ಮಾತು ಊರಿನದು, ನಿರೂಪಣೆ ವೃತ್ತಪತ್ರಿಕೆಯದು. ಎರಡರ ನಡುವೆ ಪಟ್ಟಣದ ಸಾಹೇಬರೊಬ್ಬರು ಕುರ್ಚಿ ಹಾಕಿಕೊಂಡು ಕುಳಿತಂತಿದೆ. ಒಂದು ಅಧ್ಯಾಯವನ್ನು ನಿರೂಪಣೆಯೂ ಸೇರಿ ಪೂರ್ತಿಯಾಗಿ ಅಜ್ಜಿಯ ಬಾಯಿಂದ ಹೇಳಿಸಿ ನೋಡಿ. ಬೇಡವೆನ್ನಿಸಿದರೆ ಬಿಡಬಹುದು, ಆದರೆ ಏನನ್ನು ಬಿಟ್ಟಿರಿ ಎಂಬುದಾದರೂ ತಿಳಿದಿರುತ್ತದೆ.

ಜೊತೆಗೆ ಒಂದು ಕಸುಬಿನ ಮಾತು. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುವುದುಂಟು. ಆಡುನುಡಿಯಲ್ಲಿ ಹಾಗೆ ಕೆಟ್ಟದ್ದು ಯಾವುದು, ಬೇಕೆಂದೇ ಬರೆದದ್ದು ಯಾವುದು ಎಂದು ಕರಡು ತಿದ್ದುವವರಿಗೆ ತಿಳಿಯುವುದಿಲ್ಲ. ಕೆಲವರು ಉತ್ಸಾಹದಿಂದ ‘ಹೋಗ್ಲಾಕ’ ಎಂದಿದ್ದನ್ನು ‘ಹೋಗಲು’ ಎಂದು ತಿದ್ದಿಯೂಬಿಡುತ್ತಾರೆ. ನೀವು ಬಳಸುವ ರೂಪಗಳ ಒಂದು ಪುಟದ ಪಟ್ಟಿಯನ್ನು ಹಸ್ತಪ್ರತಿಯ ಮೇಲೆ ಪಿನ್ ಮಾಡಿ ಕೊಡಿ. ಅದನ್ನು ತಯಾರಿಸುವಾಗ ನಿಮ್ಮದೇ ಕಾಗುಣಿತ ಎಲ್ಲೆಲ್ಲಿ ಬದಲಾಗುತ್ತಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಕಾದಂಬರಿ ಮುಗಿದಿದೆ. ಇಬ್ಬರು ಪ್ರಕಾಶಕರಿಗೆ ಕಳುಹಿಸಿ ಎಂಟು ತಿಂಗಳಾಯಿತು, ಉತ್ತರವಿಲ್ಲ. ಮೂರನೆಯವರು ತಕ್ಷಣ ಒಪ್ಪಿದರು, ಆದರೆ 45,000 ರೂಪಾಯಿ ಕೊಡಬೇಕು, 300 ಪ್ರತಿ ಮುದ್ರಿಸಿ 100 ಪ್ರತಿಯನ್ನು ನನಗೆ ಕೊಡುತ್ತೇವೆ ಎನ್ನುತ್ತಾರೆ. ಕರಾರುಪತ್ರ ಕೇಳಿದರೆ ‘ನಮ್ಮಲ್ಲಿ ಅದೆಲ್ಲ ಇಲ್ಲ ಮೇಡಂ, ನಂಬಿಕೆಯ ಮೇಲೆ ನಡೆಯುತ್ತದೆ’ ಎಂದರು. ದುಡ್ಡು ಕೊಟ್ಟು ಪ್ರಕಟಿಸಿದರೆ ನಾನು ನಿಜವಾದ ಲೇಖಕಿ ಆಗುತ್ತೇನೆಯೇ? (ದಾವಣಗೆರೆ)

ಉತ್ತರ: ಎಂಟು ತಿಂಗಳ ಮೌನವನ್ನು ತಿರಸ್ಕಾರವೆಂದು ಓದಬೇಡಿ. ಕನ್ನಡದ ಹೆಚ್ಚಿನ ಪ್ರಕಾಶನಗಳಲ್ಲಿ ಹಸ್ತಪ್ರತಿ ಓದುವವರು, ಕರಡು ನೋಡುವವರು, ಪಾರ್ಸೆಲ್ ಕಟ್ಟುವವರು ಬಹುಮಟ್ಟಿಗೆ ಒಬ್ಬರೇ. ಒಂದು ಪ್ರಕಾಶನದಲ್ಲಿ ಕೆಲವು ವರ್ಷ ಹಸ್ತಪ್ರತಿಗಳನ್ನು ನೋಡುತ್ತಿದ್ದ ನಾನೇ ಎಷ್ಟೋ ಜನರಿಗೆ ಉತ್ತರ ಬರೆಯದೆ ಉಳಿದಿದ್ದೇನೆ; ಅವರಲ್ಲಿ ಕೆಲವರ ಬರಹ ಚೆನ್ನಾಗಿಯೇ ಇತ್ತು ಎಂಬುದು ಈಗಲೂ ಚುಚ್ಚುತ್ತದೆ. ವಿನಯವಾಗಿ ಒಂದು ನೆನಪಿನ ಪತ್ರ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೇರೆಯವರಿಗೆ ಕಳುಹಿಸುತ್ತೇನೆ ಎಂದು ಅದರಲ್ಲೇ ತಿಳಿಸಿ.

ಮೂರನೆಯವರ ವಿಷಯದಲ್ಲಿ, ದುಡ್ಡಿಗಿಂತ ಮೊದಲು ಕರಾರು. ಕರಾರಿಲ್ಲದ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ಅದಕ್ಕೆ ನೋಂದಣಿ ಬೇಕಿಲ್ಲ, ಮತ್ತು ಅದು ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿರದಿದ್ದರೆ ಐದು ವರ್ಷಕ್ಕೆ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆದಿರದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆಯ 19ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಎಷ್ಟು ಪ್ರತಿ, ಯಾವ ಬೆಲೆ, ಗೌರವಧನ ಎಷ್ಟು, ಮರುಮುದ್ರಣ ಯಾರ ಕೈಯಲ್ಲಿ, ಅನುವಾದ, ಸಿನಿಮಾ, ಆಡಿಯೊ ಮತ್ತು ಇ-ಪುಸ್ತಕದ ಹಕ್ಕು ಯಾರದು ಎಂಬಷ್ಟು ಒಂದೇ ಹಾಳೆಯಲ್ಲಿ ಬಂದರೂ ಸಾಕು. ಈ ಕಡೆಯ ಸಾಲನ್ನು ಜನ ನಕ್ಕು ಬಿಟ್ಟುಬಿಡುತ್ತಾರೆ, ಆಮೇಲೆ ಪರದಾಡುತ್ತಾರೆ.

ಇನ್ನು ಲೆಕ್ಕ. ಡೆಮಿ 1/8 ಆಕಾರದಲ್ಲಿ 200 ಪುಟದ ಪುಸ್ತಕಕ್ಕೆ 250 ರೂಪಾಯಿ ಬೆಲೆ ಇಟ್ಟರೆಂದುಕೊಳ್ಳಿ. 300 ಪ್ರತಿಯ ಮುಖಬೆಲೆ 75,000. ನಿಮಗೆ ಕೊಡುವ 100 ಪ್ರತಿಯನ್ನು ನೀವೇ ಪೂರ್ತಿ ಬೆಲೆಗೆ ಮಾರಿದರೂ ಬರುವುದು 25,000. ಬಂಧುಗಳಿಗೂ ಸಹೋದ್ಯೋಗಿಗಳಿಗೂ ಪೂರ್ತಿ ಬೆಲೆಗೆ ಪುಸ್ತಕ ಮಾರುವುದು ಎಷ್ಟು ಸುಲಭ ಎಂಬುದನ್ನು ಉಪನ್ಯಾಸಕಿಯಾದ ನಿಮಗೆ ಹೇಳಬೇಕಿಲ್ಲ. ಉಳಿದ 200 ಪ್ರತಿ ಅವರದು, ಅದರಲ್ಲಿ ಬಂದದ್ದೆಲ್ಲ ಅವರ ಲಾಭ. ಅಂದರೆ ಮುದ್ರಣದ ಖರ್ಚು ನಿಮ್ಮದು, ವ್ಯಾಪಾರ ಅವರದು. ಬಂಡವಾಳ ಹಾಕುವ ಪ್ರಕಾಶಕರು ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಗೌರವಧನ ಕೊಡುತ್ತಾರೆ, ಎಷ್ಟೋ ಸಲ ಅದನ್ನು ಪುಸ್ತಕದ ಪ್ರತಿಗಳ ರೂಪದಲ್ಲೇ ತೀರಿಸುತ್ತಾರೆ. ಅದು ಹೆಚ್ಚಲ್ಲ, ಆದರೆ ದುಡ್ಡು ಹರಿಯುವ ದಿಕ್ಕಾದರೂ ಸರಿಯಿರುತ್ತದೆ.

ಹಾಗಾದರೆ ಸ್ವಂತ ಹಣ ಹಾಕುವುದೇ ಅವಮಾನವೇ ಎಂದರೆ, ಖಂಡಿತ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂದು ಹಿರಿಯರು ಹೇಳುತ್ತಿದ್ದರು. ಶಿವರಾಮ ಕಾರಂತರು ತಮ್ಮ ಪುಸ್ತಕಗಳಿಗಾಗಿ ತಾವೇ ಪ್ರಕಟಣಾಲಯ ನಡೆಸಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಮುಂಗಡವಾಗಿ ಚಂದಾ ಕೊಟ್ಟ ಓದುಗರಿಂದ. ನಿಮಗೂ ಆ ಉಮೇದು ಇದ್ದರೆ ಪೂರ್ತಿಯಾಗಿ ನೀವೇ ಪ್ರಕಾಶಕಿಯಾಗಿ. ಐಎಸ್‌ಬಿಎನ್ ಸಂಖ್ಯೆಯನ್ನು ಸರ್ಕಾರದ ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ನೂರು ಪ್ರತಿಗಳನ್ನಷ್ಟೇ ಡಿಜಿಟಲ್ ಮುದ್ರಣದಲ್ಲಿ ಮಾಡಿಸುವುದಕ್ಕೂ ಈಗ ಸಾಧ್ಯವಿದೆ. ನಿಮ್ಮ ವಯಸ್ಸು ಪತ್ರದಲ್ಲಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯೊಂದನ್ನು ನಡೆಸುತ್ತದೆ, ನಿಮಗೆ ಅನ್ವಯಿಸುತ್ತದೆಯೇ ಎಂದು ಅವರ ಪ್ರಕಟಣೆಯನ್ನು ನೋಡಿಕೊಳ್ಳಿ.

‘ನಿಜವಾದ ಲೇಖಕಿ’ ಎಂಬ ಮಾತಿಗೆ ನಾನು ಉತ್ತರಿಸದೆ ಉಳಿಯುತ್ತೇನೆ. ನಿಮ್ಮ ಪತ್ರದಲ್ಲಿ ಕಾದಂಬರಿ ಯಾವುದರ ಬಗ್ಗೆ ಎಂಬ ಒಂದು ಸಾಲೂ ಇಲ್ಲ ಎಂಬುದನ್ನು ಮಾತ್ರ ಗಮನಕ್ಕೆ ತರುತ್ತೇನೆ. ಪ್ರಕಾಶಕರಿಗೆ ಬರೆದ ಪತ್ರದಲ್ಲೂ ಹೀಗೆಯೇ ಆಗಿದ್ದರೆ ಈ ಸಲ ಸರಿಪಡಿಸಿ.

ಪ್ರಶ್ನೆ: ಮಸ್ಕತ್‌ನಲ್ಲಿ 22 ವರ್ಷಗಳಿಂದ ಇದ್ದೇನೆ. ಕುಂದಾಪುರದ ಕಡೆಯ ಬಾಲ್ಯವನ್ನು ಕಾದಂಬರಿಯಾಗಿ ಬರೆಯುತ್ತಿದ್ದೇನೆ. ಊರು ಪೂರ್ತಿ ಬದಲಾಗಿದೆ. ನನ್ನ ನೆನಪು ಹಳೆಯದಾಯಿತೆಂಬ ಭಯ. (ಮಸ್ಕತ್)

ಉತ್ತರ: ಯು.ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ; ಆ ಕಾದಂಬರಿಯಲ್ಲಿರುವುದು ಮಲೆನಾಡಿನ ಅಗ್ರಹಾರ. ದೂರ ಅಡ್ಡಿಯಲ್ಲ, ಹಳೆಯ ನೆನಪೂ ಅಡ್ಡಿಯಲ್ಲ, ಆ ಊರನ್ನು ಇಂದಿನದೆಂದು ತೋರಿಸಲು ಹೋಗದಿದ್ದರೆ ಆಯಿತು. ಕಥೆ ನಡೆಯುವ ವರ್ಷವನ್ನು ನಿಮ್ಮ ಮನಸ್ಸಿನಲ್ಲಿ ಖಚಿತಪಡಿಸಿಕೊಳ್ಳಿ. ಆ ವರ್ಷ ಬಸ್ಸು ಎಲ್ಲಿಯವರೆಗೆ ಬರುತ್ತಿತ್ತು, ಹೊಳೆ ದಾಟಲು ದೋಣಿಯೇ, ಸಂಕವೇ, ಕರೆಂಟು ಯಾರ ಮನೆಗಿತ್ತು ಎಂಬಷ್ಟು ಗೊತ್ತಿದ್ದರೆ ನಡೆಯುತ್ತದೆ. ನನ್ನ ಆಸೆಯೊಂದನ್ನೂ ಹೇಳಲೇ? ಮಸ್ಕತ್‌ನ ಆ 22 ವರ್ಷಗಳ ಬಗ್ಗೆ ಓದಲು ನನಗೆ ಇನ್ನೂ ಹೆಚ್ಚು ಕುತೂಹಲವಿದೆ. ಕುಂದಾಪುರದ ಬಾಲ್ಯವನ್ನು ಬರೆಯಬಲ್ಲವರು ಊರಿನಲ್ಲೂ ಇದ್ದಾರೆ.

ಪ್ರಶ್ನೆ: ನನ್ನ ಕಾದಂಬರಿಯ ಖಳ ನಮ್ಮ ಸೋದರಮಾವನೇ. ಅವರು ಓದಿದರೆ ಸಂಬಂಧ ಕೆಡುತ್ತದೆಂದು ಬರೆಯಲು ಕೈ ಬರುತ್ತಿಲ್ಲ. (ಮಂಡ್ಯ)

ಉತ್ತರ: ಮೊದಲ ಕರಡನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯಿರಿ, ತಿದ್ದುವಾಗ ಆ ವ್ಯಕ್ತಿಯ ಕಸುಬು, ಊರು, ಮೈಕಟ್ಟು ಬದಲಾಯಿಸಿ. ಹಾಗೆ ಬದಲಾಯಿಸುತ್ತ ಹೋದಂತೆ ಅವನು ನಿಮ್ಮ ಮಾವನಾಗಿ ಉಳಿಯದೆ ಬೇರೆ ಮನುಷ್ಯನಾಗುತ್ತಾನೆ, ಬಹುಮಟ್ಟಿಗೆ ಖಳನಾಗಿಯೂ ಉಳಿಯುವುದಿಲ್ಲ. ನನ್ನ ಮೊದಲ ಕಾದಂಬರಿಯಲ್ಲಿ ನನ್ನ ಚಿಕ್ಕಪ್ಪನನ್ನು ಜಿಪುಣ ಸಾಹುಕಾರನನ್ನಾಗಿ ಮಾಡಿದ್ದೆ. ಅವರು ಓದಿ, ಆ ಕಥೆಯಲ್ಲಿ ಬರುವ ಉದಾರಿ ಶಾಲಾ ಮೇಷ್ಟ್ರು ತಾವೇ ಎಂದು ನಂಬಿ, ನಾಲ್ಕು ಪ್ರತಿ ಕೊಂಡು ನೆಂಟರಿಗೆ ಹಂಚಿದರು. ಜಿಪುಣ ಯಾರು ಎಂದು ನನ್ನನ್ನೇ ಗುಟ್ಟಾಗಿ ಕೇಳಿದರು.

ಪ್ರಶ್ನೆ: ನನಗೆ 24 ವರ್ಷ. ಮೂರು ಕಾದಂಬರಿಗಳನ್ನು ಆರಂಭಿಸಿದ್ದೇನೆ. ಮೊದಲನೆಯದು 48 ಪುಟಕ್ಕೆ, ಎರಡನೆಯದು 41ಕ್ಕೆ, ಮೂರನೆಯದು 52ಕ್ಕೆ ನಿಂತಿದೆ. ಈಗ ನಾಲ್ಕನೆಯದಕ್ಕೆ ಬಹಳ ಒಳ್ಳೆಯ ವಸ್ತು ಹೊಳೆದಿದೆ. ಆರಂಭಿಸಲೇ? (ಹಾಸನ)

ಉತ್ತರ: ನೀವು ಪುಟಸಂಖ್ಯೆಗಳನ್ನು ಕೊಟ್ಟದ್ದು ಉಪಕಾರವಾಯಿತು, ರೋಗ ಅದರಲ್ಲೇ ಇದೆ. ನಲವತ್ತು ಐವತ್ತು ಪುಟಗಳಲ್ಲಿ ಪಾತ್ರಗಳ ಪರಿಚಯ, ಊರಿನ ವರ್ಣನೆ, ಹಿಂದಿನ ಕಥೆ ಎಲ್ಲವೂ ಮುಗಿಯುತ್ತದೆ. ಅಲ್ಲಿಂದ ಮುಂದೆ ಯಾರಾದರೂ ಏನಾದರೂ ಮಾಡಬೇಕು, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಬಾರದು. ನೀವು ಮೂರು ಸಲವೂ ಆ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದೀರಿ. ಹೊಸ ವಸ್ತು ಯಾವಾಗಲೂ ಅಂಥ ಹೊತ್ತಿನಲ್ಲೇ ಹೊಳೆಯುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಮೂರರಲ್ಲಿ ನಿಮಗೆ ಹೆಚ್ಚು ಕಾಡುವ ಒಂದನ್ನು ಎತ್ತಿಕೊಂಡು, ಅದು ನಿಂತ ಪುಟದ ಮರುಪುಟದಲ್ಲೇ ನಿಮ್ಮ ನಾಯಕನಿಂದ ಒಂದು ತಪ್ಪು ಮಾಡಿಸಿ.

ಮುಗಿಯದಿರುವುದನ್ನು ಮಾತ್ರ ದೊಡ್ಡ ಪಾಪವೆಂದುಕೊಳ್ಳಬೇಡಿ. ಕುವೆಂಪು ಅವರ ಮೊದಲ ಕಾದಂಬರಿ 1936ರಲ್ಲಿ ಬಂತು, ಎರಡನೆಯದು 1967ರಲ್ಲಿ. ನಡುವೆ 31 ವರ್ಷ. ಇನ್ನು, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಈ ಸಾಹಿತ್ಯಪ್ರಕಾರಕ್ಕೇ ಹೆಸರು ಕೊಟ್ಟ ಬಾಣಭಟ್ಟನ ‘ಕಾದಂಬರಿ’ ಅವನ ಕೈಯಲ್ಲಿ ಮುಗಿಯಲೇ ಇಲ್ಲ. ಅವನ ಮಗ ಪೂರೈಸಿದ, ಆಮೇಲೆ ನಮ್ಮ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ನಿಮಗೆ ಅಷ್ಟು ದೂರ ಕಾಯುವ ಅಗತ್ಯ ಬರಲಾರದು.

ಮುಂದಿನ ಸಂಚಿಕೆಗೆ ಪುಟಗಳನ್ನು ಕಳುಹಿಸುವವರು ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆಯಬೇಕು. ಎರಡು ಪುಟ ಮೀರಬಾರದು. ಮೂಲಪ್ರತಿಯನ್ನು ದಯವಿಟ್ಟು ಕಳುಹಿಸಬೇಡಿ. ಕಳೆದ ತಿಂಗಳು ಒಬ್ಬರು ಇಡೀ ನೋಟುಬುಕ್ಕನ್ನೇ ಕಳುಹಿಸಿದ್ದರು, ಅದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಿರುಗಿಸಿದ್ದೇನೆ. ತಲುಪಿದ್ದರೆ ಒಂದು ಸಾಲು ಬರೆದು ತಿಳಿಸಬೇಕು.